ನಾಲ್ಕನೇ ಬಟನ್ ಒತ್ತಿದ್ದು ನಮ್ಮ ಅತ್ತೆಯೇ

ಟಿವಿ ವೀಕ್ಷಕರ ಎಣಿಕೆ ಕಚೇರಿಯ ಮುಖ್ಯಸ್ಥರಿಗೆ

ಮಾನ್ಯರೇ,

2024ರ ಅಕ್ಟೋಬರ್ ಕೊನೆಯ ವಾರ ನಡೆದ ಬೇಸ್‌ಬಾಲ್ ಚಾಂಪಿಯನ್‌ಷಿಪ್‌ನ ಐದೂ ಪಂದ್ಯಗಳನ್ನು ನಮ್ಮ ಮನೆಯ ಟಿವಿಯ ಮುಂದೆ ಕೂತು ಮೊದಲಿಂದ ಕೊನೆಯವರೆಗೆ ನೋಡಿದವರು ನಮ್ಮ ಅತ್ತೆ ಶಾರದವ್ವ. ಆಗ ಅವರಿಗೆ ವಯಸ್ಸು ಎಪ್ಪತ್ನಾಲ್ಕು. ಅವರು ನೋಡಿಯೇ ಇಲ್ಲವೆಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಆ ತೀರ್ಮಾನ ತಪ್ಪೆಂದು ನಾನು ಎರಡು ಸಲ ಇಂಗ್ಲಿಷಿನಲ್ಲಿ ಬರೆದೆ. ಎರಡು ಸಲವೂ, ನನ್ನ ಅಭಿಪ್ರಾಯ ತಮಗೆ ಅಮೂಲ್ಯವೆಂಬ ಉತ್ತರ ಒಂದೇ ನಿಮಿಷದಲ್ಲಿ ಬಂತು. ಪತ್ರವನ್ನು ಅಷ್ಟು ಬೇಗ ಓದಿ ಮುಗಿಸುವ ಸರ್ಕಾರಿ ಕಚೇರಿಯನ್ನಾಗಲಿ ಖಾಸಗಿ ಕಚೇರಿಯನ್ನಾಗಲಿ ನಾನು ಬೆಂಗಳೂರಿನಲ್ಲೂ ಕಂಡಿಲ್ಲ, ಇಲ್ಲೂ ಕಂಡಿಲ್ಲ. ಹಾಗಾಗಿ ಈ ಸಲ ಕನ್ನಡದಲ್ಲಿ, ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರಿಗೆ ಕಾಣುವಂತೆ ಬರೆಯುತ್ತಿದ್ದೇನೆ. ನೀವು ಓದುವುದಿಲ್ಲ, ಗೊತ್ತು. ಇಂಗ್ಲಿಷಿನಲ್ಲಿದ್ದಾಗಲೂ ನೀವು ಓದಿರಲಿಲ್ಲ. ಈ ಸಲ ಕನಿಷ್ಠ ಬೇರೆ ಯಾರಾದರೂ ಓದುತ್ತಾರೆ.

ಅವರಿಗಾಗಿ ಹಿನ್ನೆಲೆ ಹೇಳಬೇಕು. ಆ ವರ್ಷ ಮಾರ್ಚಿನಲ್ಲಿ ನಿಮ್ಮ ಕಚೇರಿಯವರು ಸ್ಯಾನ್ ಡಿಯಾಗೋ ಊರಿನ ರಾಂಚೊ ಬರ್ನಾರ್ಡೊ ಬಡಾವಣೆಯ ನಮ್ಮ ಮನೆಗೆ ಬಂದು, ದೇಶ ಏನು ನೋಡುತ್ತಿದೆ ಎಂದು ತಿಳಿಯಲು ನಮ್ಮನ್ನು ಆರಿಸಿದ್ದೇವೆ ಎಂದರು. ಟಿವಿಯ ಕೆಳಗೆ ಒಂದು ಸಣ್ಣ ಡಬ್ಬಿ ಕೂರಿಸಿದರು, ಒಂದು ರಿಮೋಟ್ ಕೊಟ್ಟರು. ಅದರಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ನಂಬರು. ನನ್ನ ಗಂಡ ಗಿರಿಧರ್ ಒಂದು, ನಾನು ಎರಡು, ಮಗಳು ಚೈತನ್ಯಾ ಮೂರು, ಅತ್ತೆ ನಾಲ್ಕು. ನೋಡಲು ಕೂತಾಗ ನಿಮ್ಮ ಬಟನ್ ಒತ್ತಿ, ಎದ್ದಾಗ ಮತ್ತೆ ಒತ್ತಿ, ನಿಮ್ಮದು ಒಂದು ಮನೆಯಲ್ಲ, ಸಾವಿರಾರು ಮನೆಗಳ ಪರವಾಗಿ ನೀವು ನೋಡುತ್ತಿದ್ದೀರಿ ಎಂದರು. ಈ ವಿಷಯ ಹೊರಗೆ ಯಾರಿಗೂ ಹೇಳಬಾರದು ಎಂದು ಸಹಿಯನ್ನೂ ಮಾಡಿಸಿಕೊಂಡರು. ಈಗ ನೀವೇ ನಮ್ಮನ್ನು ಹೊರಗೆ ಹಾಕಿರುವುದರಿಂದ ಬಾಯಿಬಿಡಲು ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ.

ಮೂರು ವಾರ ಕಳೆಯುವಷ್ಟರಲ್ಲಿ ಉಳಿದ ಮೂವರಿಗೂ ಆ ರಿಮೋಟ್ ಮರೆತೇಹೋಗಿತ್ತು. ಮರೆಯದವರು ಅತ್ತೆ ಒಬ್ಬರೇ. ಗದಗಿನ ಕಡೆಯ ಅವರು, ಓಟಿನ ದಿನ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಲ್ಲುತ್ತಿದ್ದವರು. ನೀರು ಕುಡಿಯಲು ಎದ್ದರೂ ನಾಲ್ಕು ಒತ್ತಿ ಎದ್ದು, ಬಂದು ನಾಲ್ಕು ಒತ್ತಿ ಕೂರುತ್ತಿದ್ದರು. ಸಂಜೆ ಟಿವಿಯಲ್ಲಿ ಸ್ಯಾನ್ ಡಿಯಾಗೋ ತಂಡದ ಆಟ ಇರುತ್ತಿತ್ತು. ಫುಟ್‌ಬಾಲ್ ತಂಡ ಲಾಸ್ ಏಂಜಲಿಸ್‌ಗೆ ಗಂಟುಮೂಟೆ ಕಟ್ಟಿದ ಮೇಲೆ ಈ ಊರು ಬೇಸ್‌ಬಾಲ್ ತಂಡವನ್ನು ಎದೆಗೆ ಅವಚಿಕೊಂಡಿದೆ. ಆಫೀಸಿನಲ್ಲಿ, ದಿನಸಿ ಅಂಗಡಿಯಲ್ಲಿ, ದಂತವೈದ್ಯರ ಕುರ್ಚಿಯಲ್ಲಿ ಎಲ್ಲಿ ಕೂತರೂ ಅದೇ ಮಾತು. ಗಿರಿಧರ್ ಹುಚ್ಚು ಹಿಡಿದವರಂತೆ ನೋಡುತ್ತಿದ್ದರು. ಅತ್ತೆ ಮಗನ ಪಕ್ಕ ಕೂತು ಯಾರನ್ನೂ ಏನೂ ಕೇಳದೆ ತಾವೇ ಆಟ ಕಲಿತರು. ಯಾಕೆ ಇಷ್ಟ ಅಂತ ನಾನೊಮ್ಮೆ ಕೇಳಿದ್ದಕ್ಕೆ, ಇದು ಇಷ್ಟು ಹೊತ್ತಿಗೆ ಮುಗಿಯಬೇಕೆಂಬ ಗಡಿಯಾರ ಇಲ್ಲ, ಯಾರಿಗೂ ಗಡಿಬಿಡಿ ಇಲ್ಲ ಎಂದರು. ಆಟಗಾರರ ಹೆಸರು ಅವರ ನಾಲಿಗೆಗೆ ಒಗ್ಗುತ್ತಿರಲಿಲ್ಲ. ನಡಿಗೆ, ಗಡ್ಡ, ಟೋಪಿ ಸರಿಮಾಡಿಕೊಳ್ಳುವ ರೀತಿಯಿಂದ ಎಲ್ಲರನ್ನೂ ಗುರುತಿಸುತ್ತಿದ್ದರು.

ಆ ಅಕ್ಟೋಬರಿನಲ್ಲಿ ನಮ್ಮ ತಂಡ ಲಾಸ್ ಏಂಜಲಿಸ್ ತಂಡದ ಎದುರು ಗೆಲ್ಲುವ ಹಾದಿಯಲ್ಲಿದ್ದು, ಕೊನೆಯ ಎರಡು ಪಂದ್ಯಗಳಲ್ಲಿ ಒಂದೇ ಒಂದು ರನ್ ಗಳಿಸದೆ ಸೋತು ಮನೆಗೆ ಬಂತು. ಲಾಸ್ ಏಂಜಲಿಸ್ ಮುಂದೆ ಸಾಗಿ ನ್ಯೂಯಾರ್ಕಿನ ಎದುರು ಚಾಂಪಿಯನ್‌ಷಿಪ್‌ಗೆ ನಿಂತಿತು. ಗಿರಿಧರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಒಂದು ಯೋಚನೆ ಹೊಳೆಯಿತು. ನಮ್ಮ ಮನೆ ಸಾವಿರಾರು ಮನೆಗಳಿಗೆ ಸಮ ತಾನೇ? ಹಾಗಾದರೆ ನಾವು ಟಿವಿ ಹಾಕದಿದ್ದರೆ ಸ್ಯಾನ್ ಡಿಯಾಗೋದ ಸಾವಿರಾರು ಮನೆಗಳು ಹಾಕದ ಹಾಗೆ. ನಮ್ಮನ್ನು ಸೋಲಿಸಿದ ಆ ತಂಡದ ಆಟವನ್ನು ನೋಡಿದವರ ಸಂಖ್ಯೆ ಅಷ್ಟಾದರೂ ಇಳಿಯಲಿ, ಈ ವಾರ ಟಿವಿ ಬಂದ್ ಎಂದರು. ನಿಮ್ಮ ಪ್ರತಿನಿಧಿಯ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ನಮ್ಮ ಮನೆಯಲ್ಲಿ ಇಬ್ಬರು. ಒಬ್ಬರು ತಾಯಿ, ಇನ್ನೊಬ್ಬರು ಮಗ. ನನ್ನ ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಶುಕ್ರವಾರ ಸಂಜೆ ಐದಕ್ಕೆ ಅತ್ತೆ ಎಂದಿನಂತೆ ಬಂದು ಕೂತರು. ಗಿರಿಧರ್ ಬೇಡವೆಂದರು, ಕಾರಣವನ್ನೂ ವಿವರಿಸಿದರು.

“ಸೋತಾವ್ರು ಮನಿಗೆ ಹೋದ್ರು. ಆಟ ನಿಂತಿಲ್ಲಲ್ಲ?” ಎಂದರು ಅತ್ತೆ.

ನೋಡುವುದಾದರೆ ನೋಡು, ಬಟನ್ ಮಾತ್ರ ಒತ್ತಬೇಡ ಎಂದು ಮಗ ರಾಜಿಗೆ ಬಂದರು. ಅತ್ತೆ ರಿಮೋಟ್ ಕೈಗೆತ್ತಿಕೊಂಡರು. “ನೋಡಿ, ನೋಡಿಲ್ಲ ಅಂತ ಹ್ಯಾಂಗ ಬರಸ್ಲೋ ಗಿರಿ?” ಎಂದು ಹೇಳಿ ನಾಲ್ಕು ಒತ್ತಿದರು. ಗಿರಿಧರ್ ಎದ್ದು ಮಹಡಿಗೆ ಹೋದರು. ಆಮೇಲಿನ ನಾಲ್ಕು ಪಂದ್ಯಗಳಿಗೂ ಅವರು ಕೆಳಗಿಳಿಯಲಿಲ್ಲ.

ಹಾಗೆ ಅತ್ತೆ ಒಬ್ಬರೇ ನೋಡಿದರು, ಆದರೆ ಪೂರ್ತಿ ಒಬ್ಬರೇ ಅಲ್ಲ. ಲಾಸ್ ಏಂಜಲಿಸ್ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನಲ್ಲಿರುವ ನನ್ನ ನಾದಿನಿ ದೀಪ್ತಿ ಸಂಜೆ ಆಫೀಸಿನಿಂದ ಡ್ರೈವ್ ಮಾಡಿಕೊಂಡು ಹೋಗುವಾಗ ಅವ್ವನಿಗೆ ಫೋನ್ ಮಾಡುತ್ತಾಳೆ. ಕೊನೆಯ ಪಂದ್ಯದ ದಿನ ಅವಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ, ನಡೆಯುತ್ತಿದ್ದದ್ದನ್ನೆಲ್ಲ ಗದಗಿನ ಕನ್ನಡದಲ್ಲಿ ಮಗಳಿಗೆ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಕೇಳಿಸಿಕೊಂಡೆ. ಚೆಂಡು ಕೈಯಿಂದ ಜಾರಿತು, ಅವನು ಓಡಿಬಿಟ್ಟ, ಅವರದು ಐದಾಗಿತ್ತು ಈಗ ಇವರದೂ ಐದಾಯಿತು ಎನ್ನುತ್ತಿದ್ದ ಆ ದನಿಯನ್ನು ಮದುವೆಯಾಗಿ ಹದಿನೇಳು ವರ್ಷಗಳಲ್ಲಿ ನಾನು ಕೇಳಿರಲಿಲ್ಲ. ನಾನೂ ಕೈ ಒರೆಸಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ನನ್ನ ನಂಬರು ಒತ್ತಲು ಮರೆತೆ. ಆ ತಪ್ಪು ನನ್ನದು, ಒಪ್ಪುತ್ತೇನೆ.

ಚಾಂಪಿಯನ್‌ಷಿಪ್ಪನ್ನು ಎಷ್ಟೋ ವರ್ಷಗಳ ಮೇಲೆ ಇಷ್ಟೊಂದು ಜನ ನೋಡಿದ್ದಾರೆಂದು ಪತ್ರಿಕೆಗಳು ಬರೆದವು. ಅದಾದ ಹತ್ತು ದಿನಕ್ಕೆ ನಿಮ್ಮ ಕಚೇರಿಯಿಂದ ಫೋನ್ ಬಂತು. ನಾಲ್ಕನೇ ನಂಬರಿನ ವರ್ತನೆ ಅಸಹಜವಾಗಿದೆಯಂತೆ. ಎಪ್ಪತ್ತು ದಾಟಿದ, ಇಂಗ್ಲಿಷ್ ಬಾರದ ಹೆಂಗಸು ಐದು ಪಂದ್ಯಗಳನ್ನು ಚಾನೆಲ್ ಬದಲಿಸದೆ ನೋಡುವುದು ನಿಮ್ಮ ಲೆಕ್ಕಾಚಾರದ ಪ್ರಕಾರ ಸಂಭವನೀಯವಲ್ಲವಂತೆ. ಬೇರೆ ಯಾರೋ ಆ ಬಟನ್ ಒತ್ತಿರಬೇಕೆಂಬ ಅನುಮಾನ. ಮಾನ್ಯರೇ, ಮನೆಯ ಉಳಿದ ಮೂವರೂ ಆರು ತಿಂಗಳು ಬಟನ್ ಮುಟ್ಟದಿದ್ದಾಗ ನಿಮಗೆ ಏನೂ ಅಸಹಜ ಎನಿಸಲಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸಿದ ಒಬ್ಬರ ಮೇಲೆ ಮಾತ್ರ ಅನುಮಾನ ಬಂತು. ಯಾರು ಏನು ನೋಡುತ್ತಾರೆಂದು ನಿಮಗೆ ಮೊದಲೇ ಗೊತ್ತಿದ್ದರೆ ಆ ಡಬ್ಬಿ ಯಾಕೆ ಬೇಕಿತ್ತು?

ಲಾಸ್ ಏಂಜಲಿಸ್‌ನಿಂದ ನಿಮ್ಮ ಪರಿಶೀಲಕರು ಬಂದರು. ಸೌಮ್ಯ ಮನುಷ್ಯ, ಚಪ್ಪಲಿ ಬಾಗಿಲಲ್ಲೇ ಬಿಟ್ಟರು. ಅತ್ತೆ ದೀಪಾವಳಿಗೆ ಮಾಡಿದ್ದ ಚಕ್ಕುಲಿಯನ್ನು ತಟ್ಟೆಯಲ್ಲಿ ಇಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿದ್ದರು. ಅವರ ಮಟ್ಟಿಗೆ ಅದು ಸರ್ಕಾರದವರೇ ಮನೆಗೆ ಬಂದ ಹಾಗೆ. ಪರಿಶೀಲಕರು ಒಬ್ಬ ಆಟಗಾರನ ಹೆಸರು ಹೇಳಲು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

“ಹೆಸರು ನಂಗ ಬರೂದಿಲ್ಲವಾ,” ಎಂದರು ಅತ್ತೆ. “ಆದ್ರ ಮೊದಲನೇ ದಿನದ ಆಟದಾಗ, ಕಾಲು ಉಳುಕಿದ್ದಂವ ಕಡೀಕ ಬಂದ ನೋಡು. ಮೂರೂ ಮೂಲ್ಯಾಗ ಮಂದಿ ನಿಂತಿದ್ರು. ಒಂದು ಹೊಡತಕ್ಕ ಚೆಂಡು ಹೋಗಿ ಮಂದ್ಯಾಗ ಬಿತ್ತು. ಅವಂಗ ಓಡಾಕ ಆಗವಲ್ದು, ಆದರೂ ಪೂರಾ ಸುತ್ತು ಹೊಡದ. ಸುತ್ತು ಹೊಡೀದಿದ್ರ ಲೆಕ್ಕಕ್ಕ ಬರಂಗಿಲ್ಲಲ್ಲ.”

ಕೈಯಲ್ಲಿ ಮೂಲೆಗಳನ್ನು ತೋರಿಸುತ್ತಾ ಹೇಳಿದರು. ಆ ಪಂದ್ಯ ನೋಡಿದ ಯಾರಿಗಾದರೂ ಅಷ್ಟು ಸಾಕಿತ್ತು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ನಿಮ್ಮವರು ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡದ್ದು ನನಗೆ ಕಾಣುತ್ತಿತ್ತು: ಹೆಸರು ಹೇಳಲಿಲ್ಲ. ಉತ್ತರ ಕೊಟ್ಟವರು, ಸೊಸೆ. ನಾನು ಉತ್ತರ ಕೊಟ್ಟಿಲ್ಲ, ಅವರು ಕೊಟ್ಟದ್ದನ್ನು ಹೇಳಿದೆ ಎಂದೆ. ಕಾಲಂ ಒಂದೇ ಇದೆ ಮೇಡಂ ಎಂದರು. ದೀಪ್ತಿಗೆ ಫೋನ್ ಮಾಡಿ ಕೇಳಿ ಎಂದೆ. ಬೇರೆ ಮನೆಯವರ ಹೇಳಿಕೆ ಪರಿಗಣಿಸುವಂತಿಲ್ಲವಂತೆ.

ಆಮೇಲೆ ಅವರು ಗಿರಿಧರ್ ಕಡೆ ತಿರುಗಿ, ನಿಮ್ಮ ತಾಯಿ ಈ ಪಂದ್ಯಗಳನ್ನು ನೋಡಿದ್ದನ್ನು ನೀವು ಕಂಡಿರಾ ಎಂದು ಕೇಳಿದರು. ಒಂದು ‘ಹೌದು’ ಸಾಕಿತ್ತು. ಗಿರಿಧರ್ ನೆಲ ನೋಡುತ್ತಾ, ನಾನು ಆ ರೂಮಿನಲ್ಲಿ ಇರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸುಳ್ಳಲ್ಲ. ಮಹಡಿಯಿಂದ ಅವರಿಗೆ ಎಲ್ಲವೂ ಕೇಳಿಸುತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

“ಗಿರಿ ಏನಂದ?” ಎಂದು ಅತ್ತೆ ನನ್ನನ್ನು ಕೇಳಿದರು. ನಾನು ಚಕ್ಕುಲಿ ತಟ್ಟೆಯನ್ನು ಪರಿಶೀಲಕರ ಕಡೆ ಸರಿಸಿದೆ. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹದಿಮೂರು ವರ್ಷದ ಚೈತನ್ಯಾ ಸೋಫಾದ ತುದಿಯಿಂದ ನಿಧಾನವಾಗಿ, “ಅಪ್ಪ ನೋಡಿಲ್ಲ ಅಂತ ಹೇಳಿದ್ರು, ಅಜ್ಜಿ” ಎಂದಳು.

ಅತ್ತೆ ತಲೆಯಾಡಿಸಿದರು, ಅಷ್ಟೆ. ಪರಿಶೀಲಕರು ಹೊರಟಾಗ ಚಕ್ಕುಲಿ ಕಟ್ಟಿಕೊಡಲು ಹೋದರು. ಉಡುಗೊರೆ ಸ್ವೀಕರಿಸುವಂತಿಲ್ಲ ಎಂದು ಅವರು ಕೈಮುಗಿದರು. ಡಿಸೆಂಬರಿನಲ್ಲಿ ಪತ್ರ ಬಂತು: ನಾಲ್ಕನೇ ನಂಬರಿನ ಅಕ್ಟೋಬರ್ ವೀಕ್ಷಣೆಯನ್ನು ಕೈಬಿಡಲಾಗಿದೆ, ನಿಮ್ಮ ಮನೆಯ ಸೇವೆಗೆ ಧನ್ಯವಾದ. ಡಬ್ಬಿ ತೆಗೆದುಕೊಂಡು ಹೋದರು. ಅಲ್ಲಿಗೆ ನನ್ನ ಗಂಡನ ಆಸೆಯೂ ಪೂರೈಸಿತು ನೋಡಿ. ನಮ್ಮ ಮನೆಯಲ್ಲಿ ಆ ಚಾಂಪಿಯನ್‌ಷಿಪ್ಪನ್ನು ಯಾರೂ ನೋಡಲಿಲ್ಲವೆಂದೇ ದಾಖಲಾಯಿತು. ಅವರು ಖುಷಿಪಟ್ಟದ್ದನ್ನು ಮಾತ್ರ ನಾನು ಕಾಣಲಿಲ್ಲ.

ಮುಂದಿನ ಇಡೀ ಸೀಸನ್ ಅತ್ತೆ ಟಿವಿಯ ಮುಂದೆ ಕೂರಲಿಲ್ಲ. ಜಗಳವಿಲ್ಲ, ಮಾತು ಬಿಟ್ಟದ್ದಿಲ್ಲ, ಮಗನಿಗೆ ರೊಟ್ಟಿ ಮಾಡಿ ಬಡಿಸುತ್ತಿದ್ದರು. ಆಟ ಶುರುವಾದರೆ ತಮ್ಮ ರೂಮಿಗೆ ಹೋಗುತ್ತಿದ್ದರು. ಅವರಿಗೆ ಕೇಳಲಿ ಎಂದು ಗಿರಿಧರ್ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದರು, ಅತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಇಬ್ಬರ ಮಧ್ಯೆ ಓಡಾಡಿ ಸುಸ್ತಾದೆ. ಅಮ್ಮನಿಗೆ ಒಂದು ಮಾತು ಹೇಳಿಬಿಡಿ ಎಂದರೆ, ಏನಂತ ಹೇಳಲಿ ಎನ್ನುತ್ತಿದ್ದರು ಗಿರಿಧರ್.

ಈ ವರ್ಷ ನಮ್ಮ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಲಾಸ್ ಏಂಜಲಿಸ್ ಮತ್ತೆ ಕೊನೆಯವರೆಗೂ ಹೋಯಿತು. ನವೆಂಬರ್ ಒಂದರ ಶನಿವಾರ, ಏಳನೆಯ ಪಂದ್ಯದ ಸಂಜೆ, ಗಿರಿಧರ್ ತಾವಾಗಿ ಟಿವಿ ಹಾಕಿದರು. ಆಮೇಲೆ ತಾಯಿಯ ರೂಮಿನ ಬಾಗಿಲಲ್ಲಿ ಹೋಗಿ ನಿಂತರು.

“ಅವ್ವ, ನೀ ನೋಡೀದಿ ಅಂತ ನಾ ಅವತ್ತ ಅವರಿಗೆ ಹೇಳಬೇಕಿತ್ತು. ಸೋತ ಸಿಟ್ಟಿನ್ಯಾಗ ಹೇಳಲಿಲ್ಲ.”

“ಅವರು ನಂಬಲಿಲ್ಲ, ಇರಲಿ. ಅವರಿಗೆ ನಾ ಯಾರು?” ಎಂದರು ಅತ್ತೆ. “ನಿನಗ ಗೊತ್ತಿತ್ತಲ್ಲ.”

ಅತ್ತೆ ಶಾಲು ಹೊದ್ದುಕೊಂಡು ಎದ್ದುಬಂದು ಸೋಫಾದಲ್ಲಿ ತಮ್ಮ ಜಾಗದಲ್ಲಿ ಕೂತರು. ಹನ್ನೊಂದು ಇನ್ನಿಂಗ್ಸ್ ತಾಯಿ ಮಗ ಜೊತೆಗೆ ನೋಡಿದರು. ಗೆದ್ದದ್ದು ಲಾಸ್ ಏಂಜಲಿಸ್‌ನವರೇ. ನನ್ನ ಗಂಡನ ಮುಖ ನೋಡುವಂತಿರಲಿಲ್ಲ, ಆದರೆ ಎದ್ದು ಹೋಗಲಿಲ್ಲ.

ಹಾಗಾಗಿ ಮನೆಯೊಳಗಿನದು ಮನೆಯೊಳಗೆ, ಒಂದು ವರ್ಷ ತಡವಾಗಿಯಾದರೂ, ತೀರಿತು. ಉಳಿದಿರುವುದು ನಿಮ್ಮದು. ಈ ಸಲವೂ ಕೋಟಿಗಟ್ಟಲೆ ಜನ ನೋಡಿದರೆಂದು ಪತ್ರಿಕೆಗಳು ಬರೆದಿವೆ. ಸಂತೋಷ. ಆ ಕೋಟಿಗಳಲ್ಲಿ ಎಷ್ಟು ಮನೆಗಳ ಮೂಲೆಯಲ್ಲಿ, ಹೆಸರು ಹೇಳಲು ಬಾರದ, ಆದರೆ ಆಟವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ ಒಬ್ಬರು ಕೂತಿದ್ದಾರೋ ನಿಮಗೆ ಗೊತ್ತೇ? ಗೊತ್ತುಮಾಡಿಕೊಳ್ಳುವ ಇಚ್ಛೆಯಾದರೂ ಇದೆಯೇ?

ಡಬ್ಬಿ ವಾಪಸ್ ಬೇಡ. ಕ್ಷಮಾಪಣೆಯೂ ಬೇಡ, ಅದನ್ನೂ ನಿಮ್ಮ ಕಂಪ್ಯೂಟರೇ ಕಳಿಸುತ್ತದೆ. ನನ್ನ ಬೇಡಿಕೆ ಒಂದು ಸಾಲಿನದು. ನಮ್ಮ ಮನೆಯ ಫೈಲು ತೆಗೆಯಿರಿ, ಪರಿಶೀಲಕರ ಟಿಪ್ಪಣಿಯಲ್ಲಿ ‘ಸೊಸೆ’ ಎಂಬುದನ್ನು ಹೊಡೆದುಹಾಕಿ, ಉತ್ತರ ಕೊಟ್ಟವರು ಶಾರದವ್ವ ಎಂದು ಬರೆಯಿರಿ. ನಂಬಿಕೆ ಬಾರದಿದ್ದರೆ ಕನ್ನಡ ಬಲ್ಲ ಒಬ್ಬರನ್ನು ಕಳಿಸಿ. ಐದೂ ಪಂದ್ಯಗಳನ್ನು ಅವರು ಇಂದಿಗೂ ಮೊದಲಿಂದ ಹೇಳಬಲ್ಲರು. ಬರುವವರು ಸ್ವಲ್ಪ ಸಮಯ ಇಟ್ಟುಕೊಂಡು ಬರಲಿ.

ಇಂತಿ,
ಮೂರನೆಯ ಪತ್ರ ಬರೆದು ಮುಗಿಸಿದ, ನಾಲ್ಕನೆಯದಕ್ಕೆ ತ್ರಾಣ ಉಳಿಯದ,
ಸೌಜನ್ಯ ಗಿರಿಧರ್
ರಾಂಚೊ ಬರ್ನಾರ್ಡೊ, ನವೆಂಬರ್ 2025