ಇವತ್ತಿನ ಪೇಪರ್ ಇವತ್ತೇ

ಮಾರ್ಚ್ 3, ಸೋಮವಾರ

ಬೆಳಗಿನ ಹಾಲು ಕರೆದಾಯಿತು. ಕಂದು ಮುದುಕಿ ಇವತ್ತೂ ಒದ್ದಳು. ಬಕೆಟ್ಟಿಗಲ್ಲ, ನನಗೆ. ಎಡ ಮೊಣಕಾಲಿಗೆ. ಅದೇ ನೋಯುವ ಕಾಲು ಎಂದು ಅವಳಿಗೆ ಗೊತ್ತು.

ಹಾಲಿನ ವ್ಯಾನು ಬಂತು, ಪೇಪರ್ ತಂದಿತು. ನಿನ್ನೆಯದು, ಎಂದಿನಂತೆ. ವ್ಯಾನು ಪಟ್ಟಣ ಬಿಡುವ ಹೊತ್ತಿಗೆ ಅಂದಿನ ಪೇಪರ್ ಕಟ್ಟು ಇನ್ನೂ ಇಳಿದಿರುವುದಿಲ್ಲ. ಹಾಗಾಗಿ ವ್ಯಾನಿನವನು ಹಿಂದಿನ ದಿನದ್ದನ್ನು ತಾನು ಓದಿ, ಪದಬಂಧ ತುಂಬಿಸಿ ತಂದುಕೊಡುತ್ತಾನೆ. ತಪ್ಪು ತುಂಬಿಸಿ. ಅದೂ ಪೆನ್ನಿನಲ್ಲಿ.

ಹವಾಮಾನ ವರದಿ: ಗುಡ್ಡಗಾಡಿನಲ್ಲಿ ಇಂದು ಗುಡುಗು ಸಹಿತ ಮಳೆ. ಆ ಮಳೆ ನಿನ್ನೆ ಮಧ್ಯಾಹ್ನ ನನ್ನ ತಲೆಯ ಮೇಲೆಯೇ ಸುರಿದು ಹೋಯಿತು. ಒಣಹುಲ್ಲು ನೆನೆಯಿತು. ಥ್ಯಾಂಕ್ಸ್.

ಅಪ್ಪ ನನಗೆ ಅಕ್ಷರ ಕಲಿಸಿದ್ದೇ ಪೇಪರಿನಲ್ಲಿ. ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದಿಸುತ್ತಿದ್ದ. ಇದೇ ನದಿದಂಡೆ, ಇದೇ ಕೊಟ್ಟಿಗೆ. ಬದುಕಿಡೀ ನಿನ್ನೆಯದನ್ನು ಓದಿ ಸತ್ತ.

ಹೋದ ತಿಂಗಳು ಮೊಣಕಾಲಿನ ಡಾಕ್ಟರ್ ಹತ್ತಿರ ಪಟ್ಟಣಕ್ಕೆ ಹೋಗಿದ್ದೆ. ಆಸ್ಪತ್ರೆಯ ಹಿಂದೆ ಒಂದು ಕಟ್ಟಡ. ಲಿಫ್ಟ್ ಇದೆ. ಎರಡನೇ ಮಹಡಿಯಲ್ಲಿ ಮನೆ ಖಾಲಿ ಇತ್ತು, ಸುಮ್ಮನೆ ನೋಡಿದೆ. ಪ್ರತಿ ಬಾಗಿಲ ಮುಂದೆ ಅವತ್ತಿನ ಪೇಪರ್ ಬಿದ್ದಿತ್ತು. ಬೆಳಿಗ್ಗೆ! ಒಂದನ್ನೂ ಯಾರೂ ಎತ್ತಿರಲಿಲ್ಲ. ಕೈ ತುರಿಸಿತು.

ಮಾರುತ್ತೇನೆ. ಜಾಗ, ಮನೆ, ದನ, ಎಲ್ಲ. ಇಲ್ಲಿ ಬರೆದಿಟ್ಟೆ. ಇನ್ನು ಹಿಂದೆ ಸರಿಯುವ ಮಾತಿಲ್ಲ.

ಮಾರ್ಚ್ 6

ಬ್ರೋಕರ್ ಬಂದ. ಬಿಳಿ ಶೂ. ಗೇಟಿನಿಂದ ಮನೆಗೆ ಬರುವಷ್ಟರಲ್ಲಿ ಬಿಳಿ ಹೋಯಿತು, ಶೂ ಉಳಿಯಿತು.

"ಜಾಹೀರಾತಲ್ಲಿ ರ‍್ಯಾಂಚ್ ಅಂತ ಹಾಕೋಣ ಮೇಡಂ. ಫಾರ್ಮ್ ಅಂದ್ರೆ ಜನಕ್ಕೆ ಸೆಗಣಿ ನೆನಪಾಗುತ್ತೆ."

"ರ‍್ಯಾಂಚ್ ಅಂದ್ರೆ ದನ ಸೆಗಣಿ ಹಾಕೋದು ನಿಲ್ಲಿಸುತ್ತಾ?"

ಅವನು ಬರೆದು ತಂದಿದ್ದನ್ನು ಓದಿದ: ಪರ್ವತಗಳ ಮಡಿಲಲ್ಲಿ, ಜುಳುಜುಳು ಹರಿಯುವ ನದಿಯ ತಟದಲ್ಲಿ, ನಿಮ್ಮ ಕನಸಿನ... ಅಷ್ಟಕ್ಕೇ ನಿಲ್ಲಿಸಿದೆ. ನಮ್ಮ ನದಿ ಜುಳುಜುಳು ಎನ್ನುವುದಿಲ್ಲ, ಲೋಡು ಲಾರಿ ಹೋದ ಹಾಗೆ ಸದ್ದು ಮಾಡುತ್ತದೆ. ನಾನೇ ಬರೆದುಕೊಟ್ಟೆ:

ನದಿದಂಡೆಯ ದನದ ಫಾರ್ಮ್ ಮಾರಾಟಕ್ಕಿದೆ. ಮೂರು ಕಡೆ ಬೆಟ್ಟ. ಮನೆ ಹಳೆಯದು, ಸೋರುವುದಿಲ್ಲ. ಮಳೆ ಜೋರಾದರೆ ಕೆಳಗಿನ ಹುಲ್ಲುಗಾವಲು ಮುಳುಗುತ್ತದೆ. ದನಗಳನ್ನೂ ತೆಗೆದುಕೊಳ್ಳಬೇಕು, ಎಲ್ಲವನ್ನೂ.

"ಮುಳುಗುತ್ತೆ ಅಂತ ಯಾರಾದ್ರೂ ಹಾಕ್ತಾರಾ ಮೇಡಂ?"

"ಮುಳುಗುತ್ತಲ್ಲ."

ಹಣೆ ಒತ್ತಿಕೊಂಡ. ಹಾಕುತ್ತೇನೆ ಎಂದ.

ಕೆಲಸದವನಿಗೆ ಮೊದಲೇ ಹೇಳಿದ್ದೆ. ಅಪ್ಪನ ಕಾಲದಿಂದ ಇಲ್ಲಿರುವವನು. ಬಾಯಿ ಮುಚ್ಚುವುದಿಲ್ಲವಾದ್ದರಿಂದ ಎಲ್ಲರಿಗೂ ಅವನು ರೇಡಿಯೋ. ಸುದ್ದಿ ಕೇಳಿ ಟೀ ಲೋಟ ಕೆಳಗಿಟ್ಟ. ಆಮೇಲೆ ಕೇಳಿದ: "ಬರೋರು ಟೀಗೆ ಸಕ್ಕರೆ ಸರಿಯಾಗಿ ಹಾಕ್ತಾರೇನಕ್ಕಾ? ನಿನ್ನ ಹಾಗೆ ಜಿಪುಣತನ ಮಾಡಲ್ಲ ತಾನೆ?"

ಇವನು ಇಲ್ಲೇ ಇರಬೇಕು. ಕೊಳ್ಳುವವರಿಗೆ ಅದೂ ಷರತ್ತು.

ಮಾರ್ಚ್ 9, ಭಾನುವಾರ

ಸಂಜೆ ಮೇಲಿನ ಗೇಟಿಗೆ ಹತ್ತಿದೆ. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಗೇಟು ಮುಟ್ಟುವ ಮೊದಲೇ ಬಡಿದುಕೊಳ್ಳತೊಡಗಿತು. ತಮ್ಮ. ಪಟ್ಟಣದಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿರುವವನು.

"ಅಕ್ಕಾ, ಏನಿದು? ಪೇಪರಲ್ಲಿ ನಮ್ಮ ಜಾಗ!"

"ನನ್ನ ಜಾಗ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಪೇಪರಲ್ಲಿ ಹೇಳಿದೆನಲ್ಲ. ನಿಂಗೆ ಇವತ್ತಿಂದು ಇವತ್ತೇ ಸಿಗುತ್ತೆ. ನಾನಿನ್ನೂ ನೋಡಿಲ್ಲ. ಚೆನ್ನಾಗಿ ಬಂದಿದೆಯಾ?"

ಅಪ್ಪನ ಹೆಸರು ತೆಗೆದ. ನದಿಯ ಚಪ್ಪಟೆ ಬಂಡೆ, ಈಜು, ಮಕ್ಕಳ ರಜೆ... ಅಪ್ಪ ಸತ್ತ ವರ್ಷ 'ಆ ಸೆಗಣಿ ಯಾರಿಗೆ ಬೇಕು, ನೀನೇ ಇಟ್ಕೋ' ಎಂದು ಸಹಿ ಹಾಕಿ ಹೋದವನೂ ಇವನೇ. ಅವನ ನೆನಪಿನಲ್ಲಿ ಇಲ್ಲಿ ಸದಾ ಬೇಸಿಗೆ ರಜೆ. ಬಂಡೆಯ ಮೇಲೆ ಬಿಸಿಲು. ಒದ್ದೆ ಬಟ್ಟೆ ಒಗೆದವರು ಆ ಚಿತ್ರದಲ್ಲಿ ಇಲ್ಲ.

"ಅಪ್ಪ ಇದ್ದಿದ್ರೆ ಮಾರ್ತಿದ್ನಾ?" ಎಂದ.

"ಅಪ್ಪನ ಮೊಣಕಾಲು ಚೆನ್ನಾಗಿತ್ತು" ಎಂದೆ. ಕಟ್ ಮಾಡಿದೆ.

ಮಾರ್ಚ್ 14

ರೆಸಾರ್ಟ್ ಮಾಡುವವನು ಬಂದಿದ್ದ, ಬ್ರೋಕರ್ ಜೊತೆ. ಕಪ್ಪು ಕನ್ನಡಕ. ಡ್ರೋನ್ ಹಾರಿಸಿದರು. ದನ ಬೆದರಿ ಬೇಲಿ ಮುರಿದುಕೊಂಡು ಹೊಳೆಗಿಳಿದವು.

ಜಾಗ ತುಂಬ ಹಿಡಿಸಿತಂತೆ. "ದನ ಒಂದಾರು ಇರ್ಲಿ ಮೇಡಂ. ನೋಟಕ್ಕೆ. ಚೆನ್ನಾಗಿ ತೊಳೆದಿರೋವು."

"ಉಳಿದವು?"

"ಅದೇನಾದ್ರೂ ನೀವೇ ಮಾಡ್ಕೊಳ್ಳಿ."

"ಯಾವ ಆರು ಅಂತ ಅವನ್ನೇ ಕೇಳಿ. ಅಗೋ, ಆ ಕಂದು ಮುದುಕಿಯಿಂದ ಶುರು ಮಾಡಿ. ಹಿಂದುಗಡೆಯಿಂದ ಹೋಗಿ."

ಹೋಗಲಿಲ್ಲ. ಜಾಣ.

ಬೇಲಿ ಕಟ್ಟುವಷ್ಟರಲ್ಲಿ ಕತ್ತಲಾಯಿತು. ಮೊಣಕಾಲು ಕುಂಬಳಕಾಯಿ ಆಗಿದೆ. ಹಾಗೆಂದು ಮನಸ್ಸು ಬದಲಿಸಿಲ್ಲ. ಮೊಣಕಾಲೇ ಮಾರು ಎನ್ನುತ್ತಿದೆ.

ಮಾರ್ಚ್ 24, ಸೋಮವಾರ

ತಮ್ಮ ಬಂದಿಳಿದ. ಹೆಂಡತಿ, ದೊಡ್ಡ ಸೂಟ್‌ಕೇಸ್.

"ಒಂದು ವಾರ ಎಲ್ಲ ನಾನೇ ನೋಡ್ಕೋತೀನಿ. ನೀನು ಕೂತ್ಕೋ. ದಣಿದಿದೀಯ ಅಕ್ಕಾ, ಅದಕ್ಕೇ ಮಾರ್ತೀನಿ ಮಾರ್ತೀನಿ ಅಂತಿರೋದು. ರೆಸ್ಟ್ ಸಿಕ್ರೆ ಸರಿಹೋಗ್ತೀಯ."

ಜ್ವರ ಬಂದವರಿಗೆ ಹೇಳುವ ಹಾಗೆ ಹೇಳಿದ. ಸಿಟ್ಟು ಬಂತು. ಗಂಬೂಟು ಬಿಚ್ಚಿ ಅವನ ಮುಂದಿಟ್ಟೆ. ಜಗಲಿಯಲ್ಲಿ ಕುರ್ಚಿ ಹಾಕಿ ಕೂತೆ. ಪೇಪರಿನಲ್ಲಿ ಟೆಂಡರ್ ಪ್ರಕಟಣೆ ಓದಿದೆ. ಸೇತುವೆ ರಿಪೇರಿ, ಶಾಲೆಗೆ ಬೆಂಚು ಪೂರೈಕೆ. ಚೆನ್ನಾಗಿತ್ತು.

ಮಾರ್ಚ್ 26

ಸತ್ಯ ಬರೆಯಬೇಕು: ತಮ್ಮ ಕೆಲಸ ಚೆನ್ನಾಗಿ ಮಾಡುತ್ತಿದ್ದಾನೆ. ಚಿಕ್ಕಂದಿನ ಕೈ, ಮರೆತಿಲ್ಲ. ಹಾಲು ಕರೆಯುವಾಗ ಶಿಳ್ಳೆ ಬೇರೆ. ಕಂದು ಮುದುಕಿ ಅವನನ್ನು ಒದೆಯುವುದಿಲ್ಲ. ದ್ರೋಹಿ.

ರೇಡಿಯೋ ಹೇಳಿದ: "ಅಣ್ಣ ಬಂದ್ಮೇಲೆ ಕೊಟ್ಟಿಗೇಲಿ ಕಳೆ ಬಂದಿದೆ."

"ನಿನ್ನ ಸ್ಟೇಷನ್ ಬದಲಾಯ್ಸು" ಎಂದೆ.

ತಮ್ಮನ ಹೆಂಡತಿ ಪಕ್ಕದಲ್ಲಿ ಬಂದು ಕೂತಳು. "ಪೇಪರ್‌ಗೋಸ್ಕರ ಯಾರಾದ್ರೂ ಮನೆ ಮಾರ್ತಾರಾ ಅಕ್ಕಾ? ಫೋನಲ್ಲೇ ಓದ್ಬಹುದಲ್ವಾ?"

ಮೇಲಿನ ಗೇಟು ತೋರಿಸಿದೆ. "ಹತ್ತಿ ಓದ್ಕೊಂಡು ಬಾ."

ಪೇಪರಿಗೋಸ್ಕರ ಅಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಪೇಪರಿಗೋಸ್ಕರವೇ ಇರಲಿ. ಯಾಕಾಗಬಾರದು? ನಾಳೆಯ ಮೇವು, ನಾಳೆಯ ನೀರು, ನಾಳೆ ಈಯುವ ಹಸು ಎಂದು ಬದುಕು ನಡೆದಿದೆ. ಓದುವುದು ನಿನ್ನೆಯದು. ಇವತ್ತು ಎಂಬುದು ಕೈಗೇ ಸಿಕ್ಕಿಲ್ಲ.

ಮಾರ್ಚ್ 27

ಇಬ್ಬರು ಅಕ್ಕತಂಗಿಯರು ಬಂದರು, ಬ್ರೋಕರ್ ಇಲ್ಲದೆ, ತಮ್ಮದೇ ಹಳೆಯ ಜೀಪಿನಲ್ಲಿ. ಬೆಟ್ಟದ ಆಚೆ ಬಾಡಿಗೆ ಹುಲ್ಲುಗಾವಲಿನಲ್ಲಿ ದನ ಮೇಯಿಸುತ್ತಾರೆ. ದೊಡ್ಡವಳು ಬೆಟ್ಟ ನೋಡಲಿಲ್ಲ, ನದಿ ನೋಡಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಕಂಬ ನೋಡಿದಳು. ಪ್ರವಾಹ ಬಂದಾಗಲೆಲ್ಲ ನೀರು ಎಲ್ಲಿವರೆಗೆ ಏರಿತೆಂದು ಅಪ್ಪ ಆ ಕಂಬಕ್ಕೆ ಕಚ್ಚು ಹಾಕುತ್ತಿದ್ದ. ಆಮೇಲೆ ನಾನು.

"ನೀರು ಎಷ್ಟೊತ್ತಲ್ಲಿ ಏರುತ್ತೆ?"

"ಮೇಲೆ ಮಳೆ ಶುರುವಾದ್ರೆ ಅರ್ಧ ದಿನ ಟೈಮ್ ಸಿಗುತ್ತೆ. ಅಷ್ಟರಲ್ಲಿ ದನ ಮೇಲಕ್ಕೆ ಹೊಡೀಬೇಕು."

ತಮ್ಮ ನಡುವೆ ಬಾಯಿ ಹಾಕಿದ. "ಕರಡಿ ಕಾಟ ಬೇರೆ ಇದೆ. ಹೋದ ವರ್ಷ ಇಬ್ಬರನ್ನ..."

"ಯಾರನ್ನೂ ಏನೂ ಮಾಡಿಲ್ಲ" ಎಂದೆ. "ಕರಡಿ ಒಂದಿದೆ. ಅಲ್ಲಿ, ಗಂಬೂಟು ಹಾಕ್ಕೊಂಡು ನಿಂತಿದೆ."

ಚಿಕ್ಕವಳು ನಕ್ಕಳು. ದೊಡ್ಡವಳು ಆಗಲೇ ಕಂದು ಮುದುಕಿಯ ಗೊರಸು ಎತ್ತಿ ನೋಡುತ್ತಿದ್ದಳು. ಒದೆ ಬಿತ್ತು. "ಒಳ್ಳೇ ಜೀವ" ಎಂದಳು, ಮೊಣಕಾಲು ಉಜ್ಜಿಕೊಂಡು.

ಮಾರ್ಚ್ 29, ಶನಿವಾರ

ಮಧ್ಯಾಹ್ನ ಊಟ ಆದ ಮೇಲೆ. ಚೊಚ್ಚಲು ಕಡಸು ನೋವು ತಿನ್ನತೊಡಗಿತು. ತಮ್ಮ ಕೊಟ್ಟಿಗೆಯೊಳಗೆ ಹೋದ. ನಾನು ಜಗಲಿ ಬಿಟ್ಟೇಳಲಿಲ್ಲ. ಬಹಳ ಹೊತ್ತು. ಪೇಪರಿನ ಒಂದೇ ಸಾಲು ಓದುತ್ತಿದ್ದೆ.

"ಅಕ್ಕಾ! ಒಂದೇ ಕಾಲು ಕಾಣ್ತಿದೆ! ಅಕ್ಕಾ!"

ಎದ್ದೆ. ಸಿದ್ಧಾಂತಕ್ಕೋಸ್ಕರ ಕರು ಸಾಯಿಸುವ ಜಾತಿ ನಾನಲ್ಲ. ಮಡಚಿಕೊಂಡಿದ್ದ ಕಾಲನ್ನು ಹೇಗೆ ಹಿಂದೆ ತಳ್ಳಿ ನೇರ ಮಾಡಬೇಕೆಂದು ಹೇಳಿದೆ. ಕೈ ಹಾಕಿದವನು ಅವನೇ, ನನ್ನದಕ್ಕಿಂತ ಬಲವಾದ ತೋಳು. ರೇಡಿಯೋ ಸೇರಿ ಮೂವರೂ ಹಗ್ಗ ಹಿಡಿದೆವು. ಬಂತು. ಹೆಣ್ಣು ಕರು, ಹಣೆಯಲ್ಲಿ ಬಿಳಿ. ಉಸಿರು ತೆಗೆದುಕೊಂಡಾಗ ತಮ್ಮ ಹುಲ್ಲಿನ ಮೇಲೆ ಕೂತು ಗೊಳೋ ಎಂದು ಅತ್ತ.

"ಈಗ ಹೇಳಕ್ಕಾ. ಇದನ್ನ ನೋಡಿದ ಮೇಲೂ ಮಾರ್ತೀಯಾ?"

ಕೈ ತೊಳೆದುಕೊಂಡೆ. ಯೋಚನೆ ಮಾಡಿಯೇ ಹೇಳಿದೆ.

"ಮಾರೋದಿಲ್ಲ. ನಿಂಗೇ ಕೊಡ್ತೀನಿ. ದುಡ್ಡು ಬೇಡ. ಅಂಗಡಿ ಮುಚ್ಚಿ ಇಲ್ಲೇ ಬಂದಿರು. ಪ್ರತಿದಿನ. ನಿನ್ನ ಕೈ ಚೆನ್ನಾಗಿದೆ, ತಮಾಷೆಗೆ ಹೇಳ್ತಿಲ್ಲ. ಸೋಮವಾರನೇ ರಿಜಿಸ್ಟರ್ ಮಾಡ್ಸೋಣ."

ನಿಜವಾಗಿ ಹೇಳಿದ್ದೆ. ಹೂಂ ಎಂದಿದ್ದರೆ ಕೊಟ್ಟುಬಿಡುತ್ತಿದ್ದೆ.

ತಮ್ಮ ಕರುವನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಅವಳು ಕಾರನ್ನು ನೋಡುತ್ತಿದ್ದಳು.

"ಅಂಗಡಿ ಇದೆಯಲ್ಲಕ್ಕಾ..." ಎಂದ.

"ಹೂಂ. ಇದೆ. ನಂಗೂ ಅಲ್ಲೊಂದು ಮನೆ ಇರ್ಲಿ."

ಮಾರ್ಚ್ 30, ಭಾನುವಾರ

ಬೆಳಿಗ್ಗೆ ತಮ್ಮನ ಹೆಂಡತಿ ರೇಡಿಯೋನನ್ನು ಕೇಳುತ್ತಿದ್ದಳು: "ಭಾನುವಾರಾನೂ ಕರೀಬೇಕಾ?"

"ದನಕ್ಕೆ ಯಾರೂ ಕ್ಯಾಲೆಂಡರ್ ಕೊಟ್ಟಿಲ್ಲಮ್ಮ."

ಮಧ್ಯಾಹ್ನ ಹೊರಟರು. ತಮ್ಮ ನನ್ನ ಮುಖ ನೋಡಲಿಲ್ಲ. ಕರುವಿನ ಫೋಟೋ ತೆಗೆದುಕೊಂಡ.

ಗಂಬೂಟು ಮತ್ತೆ ನನ್ನ ಕಾಲಿಗೆ. ಅವನ ಕಾಲಿನ ಬಿಸಿ ಇನ್ನೂ ಇತ್ತು ಅದರಲ್ಲಿ.

ಏಪ್ರಿಲ್ 19

ಅಕ್ಕತಂಗಿಯರ ಜೊತೆ ಮಾತು ಮುಗಿಯಿತು. ಎಲ್ಲ ದನ, ಕರು ಸಮೇತ. ರೇಡಿಯೋ ಸಮೇತ. ಅವನಿಗೆ ಟೀ ಮಾಡಿಕೊಟ್ಟು ಪರೀಕ್ಷೆ ಪಾಸಾದರು.

ಬ್ರೋಕರ್ ಹಾರಿಬಿದ್ದ. "ರೆಸಾರ್ಟಿನವರು ಇದಕ್ಕಿಂತ ಹೆಚ್ಚು ಕೊಡ್ತಾರೆ ಮೇಡಂ!"

"ಹೆಚ್ಚಿಗೆ ದುಡ್ಡಲ್ಲಿ ಏನ್ಮಾಡ್ಲಿ, ದಿನಕ್ಕೆ ಎರಡು ಪೇಪರ್ ತರಿಸ್ಲಾ?"

ತರಿಸಬಹುದು. ಯಾಕೆ ತರಿಸಬಾರದು.

ಮೇ 4, ಭಾನುವಾರ

ತಮ್ಮ ಬಂದ. ಕರೆದಿರಲಿಲ್ಲ. ಅಂಗಡಿಯ ಟೆಂಪೋ ತಂದಿದ್ದ. ಮಂಚ, ಪಾತ್ರೆ, ಅಪ್ಪನ ಕುರ್ಚಿ, ಎಲ್ಲ ಒಬ್ಬನೇ ಏರಿಸಿದ. ಕೊನೆಗೆ ಗಂಬೂಟು ಕೈಯಲ್ಲಿ ಹಿಡಿದು ನಿಂತ.

"ಇದನ್ನ ನಾನು ತಗೊಂಡು ಹೋಗ್ಲಾ?"

"ತಗೋ. ಬಲಗಾಲಿಂದು ತೂತು. ನಿನ್ನ ಅಂಗಡೀಲೇ ಪಂಕ್ಚರ್ ಹಾಕ್ಕೋ."

ಆಗ ನಕ್ಕ. ಅಳುತ್ತಲೂ ಇದ್ದ. ನಾನು ಅಳಲಿಲ್ಲ. ಯಾರಾದರೂ ಕೇಳಿದರೆ ಹೇಳಲು ಅಲ್ಲ, ನಡೆದದ್ದು ಬರೆಯುತ್ತಿದ್ದೇನೆ. ಕಂದು ಮುದುಕಿಯ ಹತ್ತಿರ ಹೋದೆ. ಒದೆಯಲಿಲ್ಲ. ಅದು ಸ್ವಲ್ಪ ಕಷ್ಟವಾಯಿತು.

ಟೆಂಪೋ ಮೇಲಿನ ಗೇಟು ದಾಟುವಾಗ ತಿರುಗಿ ನೋಡಿದೆ. ಮೂರು ಕಡೆ ಬೆಟ್ಟ, ನಡುವೆ ನದಿ. ಚೆಂದ ಇದೆ. ಹೌದು, ಚೆಂದ ಇದೆ. ಅದನ್ನು ನೋಡಲು ಪುರುಸೊತ್ತು ಸಿಕ್ಕಿದ್ದು ಇವತ್ತೇ.

ಮೇ 5, ಸೋಮವಾರ, ಬೆಳಿಗ್ಗೆ

ಕತ್ತಲಿರುವಾಗಲೇ ಎಚ್ಚರ. ಎದ್ದು ಬಕೆಟ್ ಹುಡುಕಿದೆ! ಆಮೇಲೆ ನೆನಪಾಯಿತು, ಇದು ಆಸ್ಪತ್ರೆಯ ಹಿಂದಿನ ಎರಡನೇ ಮಹಡಿ. ಕೈಗೆ ಕೆಲಸವಿಲ್ಲ. ಕೈ ಕಲಿತುಕೊಳ್ಳಲಿ. ನಲ್ಲಿ ತಿರುಗಿಸಿದೆ, ನೀರು ಬಂತು. ನಿಲ್ಲಿಸಿದೆ. ಮತ್ತೆ ತಿರುಗಿಸಿದೆ.

ಲಿಫ್ಟಿನ ಸದ್ದು. ಬಾಗಿಲಿಗೆ ಏನೋ ಬಡಿದು ಬಿತ್ತು.

ಬಂತು. ಮಡಿಕೆ ಬಿಚ್ಚಿಲ್ಲ, ಪದಬಂಧ ಖಾಲಿ. ತಾರೀಕು ನೋಡಿದೆ. ಎರಡು ಸಲ. ಮೊದಲ ಪುಟದಿಂದ ಸಾಲಾಗಿ ಓದುತ್ತೇನೆ, ಟೆಂಡರ್ ಬಿಡುವುದಿಲ್ಲ.

ಕಿಟಕಿಯಾಚೆ, ಬೆಟ್ಟದ ದಿಕ್ಕಿಗೆ ಮೋಡ ಕಪ್ಪಾಗಿದೆ. ಅಕ್ಕತಂಗಿಯರಿಗೆ ಫೋನ್ ಮಾಡಲೇ? ಮಾಡುವುದಿಲ್ಲ. ಅವರು ಕಂಬ ನೋಡಿದವರು. ಇನ್ನು ಅದು ನನ್ನ ಕೆಲಸವಲ್ಲ.

ಫೋನ್ ಬಡಿದುಕೊಳ್ಳುತ್ತಿದೆ. ರೇಡಿಯೋ. ಮೇಲಿನ ಗೇಟಿಗೆ ಹತ್ತಿ ಬಂದಿರಬೇಕು, ಈ ಹೊತ್ತಿಗೇ. ಇವತ್ತಿನ ಪೇಪರಲ್ಲಿ ಮಳೆ ಇದೆಯಾ ಎಂದು ಕೇಳುತ್ತಾನೆ, ಗೊತ್ತು.

ಬಡಿದುಕೊಳ್ಳಲಿ. ಓದಿ ಎತ್ತುತ್ತೇನೆ. ಹವಾಮಾನ ಎರಡನೇ ಪುಟದಲ್ಲಿ, ಕೆಳಗಿನ ಮೂಲೆ. ಸಿಕ್ಕಿತು. ಗುಡ್ಡಗಾಡಿನಲ್ಲಿ ಇಂದು—