ವಿಷಾದ ಸ್ವಲ್ಪ ಕಡಿಮೆ ಮಾಡಿ

ಮಾರ್ಚ್ ೩, ಬೆಳಿಗ್ಗೆ

ಉಪ್ಪುನೀರು ಮೂರನೇ ಸಲ. ಗಂಟಲು ಕ್ಯಾರೇ ಅನ್ನಲಿಲ್ಲ. ಸ್ಟೇಷನ್ನಿಗೆ ಹೋಗಿ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಅಂದೆ. ಗಮನಿಸಿದರು. ಅದೇ ತೊಂದರೆ. ಇಷ್ಟು ವರ್ಷ ನನ್ನನ್ನು ಯಾರೂ ಗಮನಿಸದೆಯೇ ಸರಿಯಾದ ರೈಲು ಹತ್ತುತ್ತಿದ್ದರು. ಇವತ್ತು ಪ್ಲಾಟ್‌ಫಾರ್ಮಿಗೆ ಪ್ಲಾಟ್‌ಫಾರ್ಮೇ ಕತ್ತೆತ್ತಿ ಸ್ಪೀಕರ್ ನೋಡಿತು, ಒಳಗೆ ಯಾವುದೋ ಪ್ರಾಣಿ ಸಿಕ್ಕಿಹಾಕಿಕೊಂಡಿದೆ ಎಂಬಂತೆ.

ಅದೇ ದಿನ, ಸಂಜೆ

ಗಂಟಲ ಡಾಕ್ಟರು. ಹಣೆಗೆ ದೀಪ ಕಟ್ಟಿಕೊಂಡು ಬಾಯೊಳಗೆ ಇಣುಕುವವರು, ಆದ್ದರಿಂದ ಈ ಪುಸ್ತಕದಲ್ಲಿ ಟಾರ್ಚಪ್ಪ. ಹೋದ ವಾರ ಗಂಟಲಿಂದ ಒಂದು ಚೂರು ಕಿತ್ತು ಪರೀಕ್ಷೆಗೆ ಕೂರಿಸಿದ್ದರು. ಫಲಿತಾಂಶ ಬಂತು. ಕ್ಯಾನ್ಸರ್. ಜೀವಮಾನದಲ್ಲಿ ಮೊದಲ ಸಲ ಪಾಸಾಗಿದ್ದೇನೆ, ಅದೂ ಇದರಲ್ಲಿ.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗತ್ತೆ."

"ಆಮೇಲೆ?"

"ಕತ್ತಲ್ಲಿ ಒಂದು ತೂತು ಇರತ್ತೆ. ಉಸಿರಾಟಕ್ಕೆ."

"ಮಾತಿಗೆ?"

ಟಾರ್ಚಪ್ಪ ದೀಪ ಆರಿಸಿದರು.

ಮುಂದೆ ಕತ್ತಿಗೆ ಯಂತ್ರ ಒತ್ತಿ ಮಾತಾಡಬಹುದಂತೆ. ಬಾಟಲಿಯೊಳಗಿನ ದುಂಬಿ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದಂತೆ. ಆಪರೇಷನ್ ಇಪ್ಪತ್ನಾಲ್ಕಕ್ಕೆ. ಇವಳು ಆಟೋದಲ್ಲಿ ನನ್ನ ಕೈ ಹಿಡಿದುಕೊಂಡಳು. ಮದುವೆಯಾದ ಹೊಸತರಲ್ಲೂ ಹಿಡಿದವಳಲ್ಲ.

ಮಾರ್ಚ್ ೬

ಆಫೀಸಿನವರಿಗೆ ಸುದ್ದಿ ತಲುಪಿದೆ. ಕಣ್ಣೊರೆಸಿಕೊಂಡು ತಕ್ಷಣ ರೆಕಾರ್ಡಿಂಗ್ ಮೆಷಿನ್ ತಂದಿಟ್ಟರು. ಸೊನ್ನೆಯಿಂದ ಒಂಬತ್ತು. ಎಲ್ಲ ಊರುಗಳು. 'ತಡವಾಗಿ', 'ಹೊರಡಲಿದೆ', 'ರದ್ದಾಗಿದೆ'. ಒಂದೊಂದು ಪದ ಬಿಡಿಬಿಡಿಯಾಗಿ, ಗಂಟಲು ತಿಳಿಯಾದಾಗಲೆಲ್ಲ ಒಂದು. ಮೆಷಿನ್ನು ಬೇಕಾದ ಹಾಗೆ ಪೋಣಿಸಿಕೊಳ್ಳುತ್ತದೆ. ಅಂದರೆ ನಾನು ಮೂಕನಾದ ಮೇಲೂ ಊರಿಗೆಲ್ಲ ಕೂಗುತ್ತಿರುತ್ತೇನೆ, ಮನೆಯಲ್ಲಿ ಮಾತ್ರ ಇಲ್ಲ. ಇವಳಿಗೆ ಹೇಳಿದೆ. "ಇಷ್ಟು ದಿನ ಹೇಗಿತ್ತೋ ಹಾಗೇ ಅನ್ನಿ" ಅಂದಳು.

ಕೊನೆಗೆ 'ಅಡಚಣೆಗಾಗಿ ವಿಷಾದಿಸುತ್ತೇವೆ'. ಹೇಳಿದೆ. ಹೆಡ್‌ಫೋನ್ ಹಾಕಿದ್ದ ಟೆಕ್ನಿಷಿಯನ್ ಮುಖ ಹುಳ್ಳಗೆ ಮಾಡಿದ.

"ಸಾರ್, ವಿಷಾದ ಸ್ವಲ್ಪ ಜಾಸ್ತಿ ಆಯ್ತು. ಕಡಿಮೆ ಮಾಡಿ. ರೈಲು ಲೇಟಾಗಿದೆ ಅಷ್ಟೆ, ಯಾರೂ ಸತ್ತಿಲ್ಲ."

ಕಡಿಮೆ ಮಾಡಿದೆ. ನಾಲ್ಕನೇ ಸಲಕ್ಕೆ ಸರಿಯಾದ ಅಳತೆಗೆ ಬಂತು.

ಮಾರ್ಚ್ ೯

ಆಸ್ಪತ್ರೆಯಲ್ಲಿ ಒಬ್ಬರು ಕೌನ್ಸೆಲರ್. ಮೃದು ದನಿ, ಮೃದು ಸೋಫಾ. ಹೆಸರಿಟ್ಟೆ: ಸಮಾಧಾನಮ್ಮ.

"ಯಾರ ಹತ್ರ ಏನು ಹೇಳಬೇಕೋ ಈಗಲೇ ಹೇಳಿಬಿಡಿ ಸಾರ್. ನಮ್ಮ ದೊಡ್ಡ ವಿಷಾದಗಳೇ ನಮ್ಮ ದೊಡ್ಡ ಗುರುಗಳು."

"ಗುರು ಅನ್ನೋದು ಸರಿ ತಾಯಿ. ಪರೀಕ್ಷೆ ಮುಗಿದ ಮೇಲೆ ಕ್ಲಾಸಿಗೆ ಬರೋ ಗುರು."

ನಕ್ಕುಬಿಟ್ಟರು. ನನ್ನದು ಇದೇ ಗೋಳು. ಎದುರಿಗಿರುವವರು ನಕ್ಕರೆ ನನಗೆ ಕೆಲಸ ಮುಗಿಯಿತು ಅನ್ನಿಸುತ್ತದೆ.

ಮನೆಗೆ ಬಂದು ವಿಷಾದಗಳನ್ನು ಬರೆಯಲು ಕೂತೆ. ಈಜು ಕಲಿಯಲಿಲ್ಲ. ಮೀಸೆ ಬಿಡಲಿಲ್ಲ. ಷಡ್ಡಕನಿಗೆ ಕೊಡೆ ಕೊಟ್ಟೆ. ಆಮೇಲೆ 'ತಮ್ಮ' ಅಂತ ಬರೆದು ಪೆನ್ನು ಕೆಳಗಿಟ್ಟೆ.

ಮಾರ್ಚ್ ೧೨

ಬರೆದುಬಿಡುತ್ತೇನೆ.

ತಮ್ಮನಿಗೆ ಉಗ್ಗು. ಚಿಕ್ಕಂದಿನಿಂದ. ನನಗೆ ಹುಟ್ಟಿದಾಗಲೇ ಮೈಕು ನುಂಗಿದ ಗಂಟಲು. ಅಮ್ಮ ಹೇಳಿದ್ದಳು, "ಅವನಿಗೆ ಮಾತು ಸಿಕ್ಕಿಕೊಂಡ್ರೆ ನೀನು ಎತ್ತಿ ಕೊಡೋ." ಎತ್ತಿ ಕೊಟ್ಟೆ. ಮೇಷ್ಟ್ರ ಮುಂದೆ, ಅಂಗಡಿಯಲ್ಲಿ, ಬಸ್ಸಿನಲ್ಲಿ. ಅವನು ಬಾಯಿ ತೆರೆದರೆ ನಾನು ಮುಗಿಸುತ್ತಿದ್ದೆ. ಕುಂಟನಿಗೆ ಕೋಲಾಗಿದ್ದೇನೆ ಅಂತ ಹೆಮ್ಮೆ. ಕೋಲು ತಾನೇ ನಡೆದುಕೊಂಡು ಹೋಗುತ್ತಿದೆ, ಕುಂಟ ಹಿಂದೆ ಉಳಿದಿದ್ದಾನೆ ಅಂತ ತಿರುಗಿ ನೋಡಿದವನಲ್ಲ.

ಅವನು ತೂಕದ ಯಂತ್ರ ರಿಪೇರಿ ಮಾಡುತ್ತಾನೆ. ಪಕ್ಕದ ಬೀದಿಯ ಔಷಧಿ ಅಂಗಡಿಯ ಹುಡುಗಿಯನ್ನು ಮೆಚ್ಚಿದ. ಅವಳೂ ಮೆಚ್ಚಿದಳು. ಮಾತಾಡಲು ಅವರ ಮನೆಗೆ ನಾನೇ ಕರೆದುಕೊಂಡು ಹೋದೆ. ಎಲ್ಲರ ಮುಂದೆ ಹುಡುಗಿ ಅವನನ್ನೇ ನೇರ ಕೇಳಿದಳು: "ಮದುವೆ ಆದ್ಮೇಲೆ ಅಣ್ಣನ ಮನೇಲೇ ಇರ್ತೀರಾ, ಬೇರೆ ಇರ್ತೀರಾ? ನೀವೇ ಹೇಳಿ."

ಬಾಯಿ ತೆರೆದ. ಸಿಕ್ಕಿಕೊಂಡಿತು. ಕತ್ತಿನ ನರ ಉಬ್ಬಿತು. ಮನೆಯೆಲ್ಲ ಮೌನ. ನನಗೆ ಮೌನ ಅಂದರೆ ಮೈಕು ಕೆಟ್ಟ ಹಾಗೆ.

"ಇವನಾ? ನನ್ನ ಬಿಟ್ಟು ಒಂದು ರಾತ್ರಿ ಮಲಗಲ್ಲ!" ಅಂದೆ.

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ತಮ್ಮ ಬಾಯಿ ಮುಚ್ಚಿದ.

ಸಂಬಂಧ ಬೇಡ ಅಂತ ಮಾರನೇ ವಾರ ಹೇಳಿ ಕಳಿಸಿದರು. ತಮ್ಮ ಜಗಳ ಆಡಲಿಲ್ಲ. ಟೂಲ್ಸ್ ಪೆಟ್ಟಿಗೆ ತಗೊಂಡು ಬೇರೆ ಊರಿಗೆ ಹೋದ. ಒಂಟಿಯಾಗೇ ಇದ್ದಾನೆ. ಸಾವು ನೋವಿಗೆ ಬರುತ್ತಾನೆ, ದೂರ ನಿಲ್ಲುತ್ತಾನೆ, ಹೋಗುತ್ತಾನೆ. ಅವತ್ತು ಅವನು ಏನು ಹೇಳಲು ಹೊರಟಿದ್ದ? ಕೇಳಿಲ್ಲ. ಇಷ್ಟು ವರ್ಷ.

ಮಾರ್ಚ್ ೧೬

"ಫೋನ್ ಮಾಡ್ರೀ."

"ಏನಂತ?"

"ಗಂಟಲು ಹೋಗ್ತಿದೆ ಅಂತ."

"ಅವನಿಗೆ ಖುಷಿಯಾಗಬಹುದು."

"ಆಗಲಿ. ಆ ಖುಷಿನಾದ್ರೂ ಕೊಡಿ ಅವನಿಗೆ."

ಇವಳ ನಾಲಿಗೆಗೆ ಯಾವ ರೋಗವೂ ಬರುವುದಿಲ್ಲ. ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.

ಮಾರ್ಚ್ ೧೯

ಒತ್ತಿದೆ. ಕಟ್ ಮಾಡಿದೆ. ದನಿ ಈಗ ಗಾಡಿ ಎಳೆದ ಹಾಗೆ. ಇರುವುದನ್ನು ಜೋಪಾನ ಮಾಡಬೇಕು ಅಂತ ಇವಳು ಕಣ್ಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದಾಳೆ. ಬೈಗುಳ ಕೂಡ ಕಣ್ಣಲ್ಲೇ. ಅಚ್ಚುಕಟ್ಟಾಗಿ ಅರ್ಥವಾಗುತ್ತದೆ.

ಮಾರ್ಚ್ ೨೨, ಸಂಜೆ

ಮಾಡಿದೆ. ಎತ್ತಿದ.

"ಹ... ಹ..."

"ಹಲೋ, ನಾನೇ ಕಣೋ!" ಅಂದೆ. ಅವನ ಹಲೋವನ್ನೂ ನಾನೇ ಹೇಳಿದೆ. ಗೊತ್ತಾಯಿತು. ನಿಲ್ಲಿಸಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನಾಗಬೇಕು ಅಂತ ಇಡೀ ದಿನ ಪ್ರಾಕ್ಟೀಸ್ ಮಾಡಿದ್ದವನು — ಟಾರ್ಚಪ್ಪನ ಕಥೆ, ದುಂಬಿ ಕಥೆ, ಮೆಷಿನ್ನಿನ ಕಥೆ, ಎಲ್ಲ ಶುರು ಮಾಡಿದೆ. ಗಂಟಲು ಹರಿದುಹೋಗುತ್ತಿತ್ತು, ಆದರೂ. ಆ ಕಡೆ ನಗು ಬರಲಿಲ್ಲ. ಅದಕ್ಕೆ ಇನ್ನೂ ಜಾಸ್ತಿ ಹೇಳಿದೆ.

"ಅಣ್ಣಾ, ನಾ... ನಾ..."

"ನಾನು ಬರ್ತೀನಿ ಅಂತೀಯಾ? ಬೇಡ ಕಣೋ. ಅಂಗಡಿ ಯಾರು ನೋಡ್ಕೋತಾರೆ? ಇಲ್ಲಿ ನಿಮ್ಮತ್ತಿಗೆ ಇದ್ದಾಳೆ."

ಆ ಕಡೆ ಉಸಿರು ಮಾತ್ರ. ಆಮೇಲೆ ಫೋನ್ ಇಟ್ಟ.

ಇವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಕಣ್ಣಲ್ಲೂ ಏನೂ ಅನ್ನಲಿಲ್ಲ.

ಮಾರ್ಚ್ ೨೩

ಅವನು ಬರುವುದಿಲ್ಲ ಅಂದನೋ, ಬರುತ್ತೇನೆ ಅಂದನೋ. ನನಗೆ ಈಗಲೂ ಗೊತ್ತಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ಏಪ್ರಿಲ್ ೫

ಮೂಗಿನಲ್ಲಿ ಊಟದ ಪೈಪು. ಕತ್ತಿನ ತೂತಿನಿಂದ ಉಸಿರಾಡುವುದು ಕಲಿತಿದ್ದೇನೆ. ಕೆಮ್ಮಿದರೆ ಕತ್ತು ಕೆಮ್ಮುತ್ತದೆ, ಬಾಯಿ ಸುಮ್ಮನೆ ನೋಡುತ್ತದೆ.

ಮಹಾಪುರುಷರ ಕೊನೆಯ ಮಾತುಗಳನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ನನ್ನದು, ಆಪರೇಷನ್ ಬಾಗಿಲಲ್ಲಿ, ಇವಳಿಗೆ: "ಚಪ್ಪಲಿ ಜೋಪಾನ."

ಏಪ್ರಿಲ್ ೯

ತಮ್ಮ ಬಂದಿದ್ದಾನೆ. ಇವಳು ಕರೆಸಿದ್ದು. ತಲೆ ಪೂರ್ತಿ ನರೆತಿದೆ. ಚೀಲ ಕೆಳಗಿಟ್ಟು ನನ್ನ ಕತ್ತು ನೋಡಿದ, ಕಿಟಕಿ ನೋಡಿದ, ಮತ್ತೆ ಕತ್ತು ನೋಡಿದ.

"ಸ್ಟೇ... ಸ್ಟೇಷನ್ನಲ್ಲಿ ನಿನ್ನ ಧ್ವನಿ ಕೇಳಿದೆ" ಅಂದ. ಅಷ್ಟು ಹೇಳಲು ಹಣೆ ಬೆವರಿತು. "ರೈಲು ಲೇಟಾಗಿದ್ದಕ್ಕೆ ನೀನು ವಿ... ವಿಷಾದ ಪಟ್ಟೆ. ನನ್ನ ಹತ್ರ, ಮೊ-ಮೊದಲ ಸಲ."

ನಕ್ಕೆ. ಶಬ್ದ ಬರಲಿಲ್ಲ, ಹೊಟ್ಟೆ ಕುಣಿಯಿತು, ಹೊಲಿಗೆ ಎಳೆಯಿತು. ಇವಳು ಇಬ್ಬರಿಗೂ ಬೈದಳು. ಅವನು ನಗಲಿಲ್ಲ. ಅವನು ತಮಾಷೆಗೆ ಹೇಳಿದ್ದಲ್ಲ.

ಏಪ್ರಿಲ್ ೧೨

ನನ್ನ ಪರವಾಗಿ ಇವನೇ ಮಾತಾಡಬೇಕು ಈಗ. ಮೂಗನಿಗೆ ಉಗ್ಗ ವಕೀಲ. ನನ್ನ ಹತ್ತಿರ ಒಂದು ಸ್ಲೇಟು. ಆದರೆ ಬರೆಯುವಷ್ಟರಲ್ಲಿ ನರ್ಸು ಮುಂದಿನ ಮಂಚಕ್ಕೆ ಹೋಗಿರುತ್ತಾಳೆ. ಒಳ್ಳೆಯವಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು.

"ಸಿಸ್ಟರ್, ಅಣ್ಣನ ಪೈ... ಪೈ..."

"ಪೇಯ್ನಾ? ಇಂಜೆಕ್ಷನ್ ಕೊಡ್ತೀನಿ. ಪೇಪರ್ ಬೇಕಾ? ಏನು ಹೇಳಿ ಬೇಗ."

ಅವನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅದೇ ಬಾಯಿ, ಅದೇ ಮುಚ್ಚುವಿಕೆ. ಅವತ್ತು ಪಕ್ಕದಲ್ಲಿ ಕೂತಿದ್ದೆ, ನೋಡಿರಲಿಲ್ಲ. ಇವತ್ತು ಎದುರಿಂದ ನೋಡಿದೆ. ಸ್ಲೇಟು ಎತ್ತಿ ಮಂಚದ ಕಬ್ಬಿಣಕ್ಕೆ ಹೊಡೆದೆ. ವಾರ್ಡೆಲ್ಲ ತಿರುಗಿತು. 'ಅವನು ಹೇಳ್ತಾನೆ. ಇರಿ' ಅಂತ ಬರೆದು ಹಿಡಿದೆ.

ನರ್ಸು ನಿಂತಳು. ಚಕ್ರ ನಿಂತಿದ್ದು ಇದೇ ಮೊದಲಿರಬೇಕು.

"ಪೈಪು ಸಡಿಲ ಆಗಿದೆ" ಅಂದ ತಮ್ಮ.

ಆಗಿತ್ತು. ಸರಿ ಮಾಡಿದಳು. ತಮ್ಮ ನನ್ನ ಕಡೆ ನೋಡಲಿಲ್ಲ. ಸ್ಲೇಟಿನ ಮೂಲೆ ಒಡೆದಿತ್ತು, ಅದನ್ನೇ ಬೆರಳಲ್ಲಿ ಸವರುತ್ತ ಕೂತ.

ಏಪ್ರಿಲ್ ೧೩

ಸಮಾಧಾನಮ್ಮ ಬಂದಿದ್ದರು. "ಈ ಅನುಭವ ನಿಮಗೇನು ಕಲಿಸಿತು ಸಾರ್?" ಬರೆದೆ: 'ಕಾಯೋದು.' "ಎಷ್ಟು ಚೆನ್ನಾಗಿ ಹೇಳಿದ್ರಿ!" ಅಂದರು. ಚೆನ್ನೇನು ಬಂತು. ಕೈ ಕಳಕೊಂಡ ಮೇಲೆ ಕಳ್ಳ ಕದಿಯೋದು ಬಿಟ್ಟ ಹಾಗೆ. ನಾಲಿಗೆಗೆ ಕೆಲಸ ಇದ್ದಿದ್ದರೆ ಇವತ್ತೂ ಅವನ ವಾಕ್ಯಕ್ಕೆ ಬಾಲ ಅಂಟಿಸುತ್ತಿದ್ದೆ. ಫೋನಿನಲ್ಲಿ ನೋಡಿದೆನಲ್ಲ.

ಅವರು ಹೋದ ಮೇಲೆ ತಮ್ಮನಿಗೆ ಬರೆದು ತೋರಿಸಿದೆ: 'ಅವತ್ತು ಅವರ ಮನೇಲಿ ಏನು ಹೇಳೋಕೆ ಹೊರಟಿದ್ದೆ?'

ಯಾರ ಮನೆ ಅಂತ ಕೇಳಲಿಲ್ಲ.

ಬಾಯಿ ತೆರೆದ, ಸಿಕ್ಕಿಕೊಂಡಿತು. ಕಾಯುವವನ ಪಾಡು ಹೀಗೆ: ಮೊದಲು ನಾಲಿಗೆ ತುರಿಸುತ್ತದೆ. ಆಮೇಲೆ ಕೈ. ಆಮೇಲೆ ಸದ್ದು ಹಿಂದೆ ಸರಿದು ಮುಖ ಕಾಣತೊಡಗುತ್ತದೆ. ಅವನ ಮೇಲ್ದುಟಿಯ ಹತ್ತಿರ ಒಂದು ಹಳೇ ಗಾಯದ ಗುರುತು. ನನ್ನ ತಮ್ಮ. ನನಗೆ ಗೊತ್ತೇ ಇರಲಿಲ್ಲ.

ಉಗ್ಗು ಬಿಟ್ಟು ಬರೆಯುತ್ತೇನೆ. "ಬೇರೆ ಮನೆ ನೋಡಿ ಆಗಿದೆ ಅಂತ ಹೇಳೋಕೆ ಹೊರಟಿದ್ದೆ. ನೀರಿನ ಟ್ಯಾಂಕ್ ಹಿಂದೆ. ಎರಡು ಕಿಟಕಿ. ಒಂದಕ್ಕೆ ಪರದೆ ಕೂಡ ಹಾಕಿ ಬಂದಿದ್ದೆ."

ಪರದೆ ಯಾವ ಬಣ್ಣ ಅಂತ ಬರೆದೆ. ಇನ್ನೇನು ಕೇಳಲಿ?

"ಹಳದಿ." ಕಿಟಕಿ ಕಡೆ ತಿರುಗಿ, "ಆ ಹುಡುಗಿ ಒಂದ್ಸಲ ನನ್ನ ಅಂಗಡಿಗೆ ಬಂದಿದ್ಳು. ಮಗೂನ ತೂಕ ನೋಡೋ ಯಂತ್ರ ಕೆಟ್ಟಿತ್ತು. ಚೆನ್ನಾಗಿದೀರಾ ಅಂದ್ಳು. ಹೂಂ ಅಂದೆ. ಹೂಂ ಅನ್ನೋದು ಮಾತ್ರ ನನಗೆ ಬೇಗ ಬರತ್ತೆ."

'ತಪ್ಪಾಯ್ತು' ಅಂತ ಬರೆದೆ.

ಸ್ಲೇಟು ಇಸಕೊಂಡು ದೂರ ಹಿಡಿದು ನೋಡಿದ. "ಇಷ್ಟು ಚಿ-ಚಿಕ್ಕದಾಗಿ ಬರೆದ್ರೆ ಕಾಣಲ್ಲ."

ಅಳಿಸಿ, ಸ್ಲೇಟು ತುಂಬ ಬರೆದೆ. ಓದಿದ. ಪರವಾಗಿಲ್ಲ ಅನ್ನಲಿಲ್ಲ. ನೀರಿನ ಜಗ್ ತಗೊಂಡು ಹೊರಗೆ ಹೋದ. ಜಗ್ ತುಂಬಿತ್ತು.

ಏಪ್ರಿಲ್ ೧೭, ಮಧ್ಯಾಹ್ನ

ರಿಪೋರ್ಟ್ ಬರುವ ದಿನ. ರೋಗ ಕತ್ತಿನ ಗಂಟುಗಳಿಗೂ ಹರಡಿದೆಯೋ, ಅಲ್ಲಿಗೇ ಮುಗಿಯಿತೋ. ಇವಳು ಬಟ್ಟೆ ತರಲು ಮನೆಗೆ ಹೋಗಿದ್ದಾಳೆ. ಟಾರ್ಚಪ್ಪ ಬಾಗಿಲವರೆಗೆ ಬಂದರು, ನನ್ನನ್ನು ನೋಡಿದರು, ತಮ್ಮನನ್ನು ಹೊರಗೆ ಕರೆದರು.

ಬಾಗಿಲ ಗಾಜಿನಲ್ಲಿ ಇಬ್ಬರೂ ಕಾಣುತ್ತಾರೆ. ಟಾರ್ಚಪ್ಪನ ಕೈ ತಮ್ಮನ ಭುಜದ ಮೇಲಿದೆ. ಒಳ್ಳೆ ಸುದ್ದಿ ಹೇಳಲು ಯಾರಿಗೂ ಭುಜ ಬೇಕಾಗುವುದಿಲ್ಲ.

ಒಳಗೆ ಬಂದ. ಸ್ಟೂಲ್ ಎಳೆದ, ಕೂರಲಿಲ್ಲ.

"ಅಣ್ಣಾ, ಡಾಕ್ಟರು ಹೇಳಿದ್ರು... ಹ... ಹ..."

ಯಾವ ಪದ ಅಂತ ಗೊತ್ತು. ಸ್ಲೇಟು ತೊಡೆಯ ಮೇಲಿದೆ. ನಾನೇ ಬರೆದು ತೋರಿಸಿದರೆ ತಲೆಯಾಡಿಸಿ ಕೂತುಬಿಡುತ್ತಾನೆ. ಅವನಿಗೆ ಸುಲಭ, ನನಗೆ ಸುಲಭ. ಹಾಗೆ ಸುಲಭ ಮಾಡಿಕೊಂಡೇ ಬಂದವನು ನಾನು. ಸ್ಲೇಟು ಮಗುಚಿಟ್ಟಿದ್ದೇನೆ. ಕೈ ಸುಮ್ಮನಿರಲಿ ಅಂತ ಇಲ್ಲಿ ಗೀಚುತ್ತಿದ್ದೇನೆ.

"ಹ..."

ಅಳುತ್ತಿದ್ದಾನೆ. ನಿಲ್ಲಿಸುತ್ತಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದ. ಬರೆಯುವುದು ಬಿಟ್ಟು ಅವನ ಮುಖ ನೋಡಬೇಕು ನಾನು. ಹೇಳೋ. ಎಷ್ಟು ಹೊತ್ತಾದರೂ