ಎಡ ಅಂಗೈ

ಹರಿಹರ
ಗುರುವಾರ, 14–11–2024

ನನ್ನ ರೂಪಶ್ರೀಗೆ,

ನಿನ್ನ ಅವ್ವನ ಆಶೀರ್ವಾದ. ಶಾಮನೂರಿನಲ್ಲಿ ಅಳಿಯಂದಿರು, ನನ್ನ ಮೊಮ್ಮಗಳು ಅಂಕಿತಾ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಅಕ್ಷರ ಅಂಕುಡೊಂಕಾಗಿದೆ ಎಂದು ಆಡಿಕೊಳ್ಳಬೇಡ. ಹೊಸ ಕನ್ನಡಕ ಇನ್ನೂ ಹೊಂದಿಕೊಂಡಿಲ್ಲ.

ಫೋನಿನಲ್ಲಿ ನೀನು ಕೂಗಾಡಿದ್ದು ನಿಮ್ಮಪ್ಪಾಜಿಗೂ ಕೇಳಿಸಿತು. ದಾವಣಗೆರೆಯಲ್ಲಿ ಕೀಲು-ಮೂಳೆ ಸರಿಪಡಿಸುವ ಆ ಕೈರೋಪ್ರಾಕ್ಟರ್ ಅಶ್ಫಾಕ್ ಅವರೇ ಅಪ್ಪಾಜಿಯ ಮಣಿಕಟ್ಟು ಹಾಳು ಮಾಡಿದ್ದು, ಹೋಗಿ ಬೆವರಿಳಿಸುತ್ತೇನೆ ಎಂದೆಯಲ್ಲ, ದಯವಿಟ್ಟು ಹೋಗಬೇಡ. ನೀನು ಫೋನಿನಲ್ಲಿ ನನಗೆ ಬಾಯಿ ತೆರೆಯಲು ಬಿಟ್ಟರೆ ತಾನೆ! "ಎಲ್ಲಾ ಬರಿ, ಏನೂ ಮುಚ್ಚಿಡಬ್ಯಾಡ, ಆ ಮನುಷ್ಯಂದು ತಪ್ಪಿಲ್ಲ" ಎಂದು ಅಪ್ಪಾಜಿಯೇ ಪಕ್ಕದಲ್ಲಿ ಮಲಗಿ ಬರೆಸುತ್ತಿದ್ದಾರೆ. ಎದುರುಮನೆಯ ಕೊಟ್ಟೂರೇಶ್ ನಿಮ್ಮ ಕಡೆ ಕೆಲಸಕ್ಕೆ ಬರುವಾಗ ನಿನಗೆ ತಲುಪಿಸುತ್ತಾನೆ.

ಅಪ್ಪಾಜಿಯ ಕೈ ತೋರಿಸಲು ಹೋದ ಅವತ್ತು ನೀನು ಹೊರಗೆ ಕೂತಿದ್ದೆ, ಒಳಗೆ ನಾನಿದ್ದೆ. ಅಶ್ಫಾಕ್ ಬೆರಳು, ಮೊಣಕೈ, ಹೆಗಲು, ಕತ್ತು ಎಲ್ಲವನ್ನೂ ಮುಟ್ಟಿ ನೋಡಿದರು. "ಎಡಗೈಲಿ ದಿನಾ ಏನ್ ಕೆಲ್ಸ ಮಾಡ್ತೀರಿ ಯಜಮಾನ್ರೆ?" ಎಂದು ಕೇಳಿದರು. "ಏನೂ ಇಲ್ರಿ" ಎಂದುಬಿಟ್ಟರು ಅಪ್ಪಾಜಿ. ದಿನಾ ಬೆಳಿಗ್ಗೆ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಇಷ್ಟಲಿಂಗವನ್ನು ಅದರ ಮೇಲಿಟ್ಟು, ಅಲುಗದೆ ಗಂಟೆಗಟ್ಟಲೆ ಕೂರುವ ಮನುಷ್ಯ! ನಾನು ಹೇಳಲು ಹೋದರೆ ಕಣ್ಣಲ್ಲೇ ಗದರಿದರು. ಮನೆಗೆ ಬಂದಮೇಲೆ ಜಗಳ ತೆಗೆದೆ. "ಪೂಜೆ ಅಂದ್ರೆ ಕೆಲ್ಸ ಏನೇ? ಲಿಂಗ ಹಿಡಿದ್ರೆ ಕೈ ನೋಯ್ತೈತೆ ಅಂತ ಹೆಂಗೆ ಹೇಳ್ಲಿ?" ಎಂದರು.

ಅಶ್ಫಾಕ್ ಕೀಲು ಸಡಿಲಿಸಿ ಕೈಗೆ ಪಟ್ಟಿ ಕಟ್ಟಿದರು. ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ ಏನನ್ನೂ ಹಿಡಿಯಬೇಡಿ, ಬೆರಳು ಜೋಮು ಹಿಡಿದರೆ ನನ್ನ ಹತ್ತಿರ ಬರಬೇಡಿ, ಸೀದಾ ನರದ ಡಾಕ್ಟರ ಹತ್ತಿರ ಹೋಗಿ ಎಂದು ಒತ್ತಿ ಹೇಳಿದರು. ನೋವು ತಗ್ಗಿತು. ತಗ್ಗಿದ್ದೇ ತಡ, ಅಪ್ಪಾಜಿ ಪೂಜೆಯನ್ನು ಇನ್ನಷ್ಟು ಉದ್ದ ಮಾಡಿದರು. ಲಿಂಗಕ್ಕೆ ಬರಿ ಅಂಗೈಯೇ ಬೇಕೆಂದು ಪಟ್ಟಿ ಬಿಚ್ಚಿಡುತ್ತಿದ್ದರು. ಬೆರಳು ಜೋಮು ಹಿಡಿದದ್ದನ್ನು ನನಗೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಕೈ ತಾನಾಗಿಯೇ ವಾಲಿತು. ಲಿಂಗ ನೆಲಕ್ಕೆ ಬಿತ್ತು. ನಾನು ಅಡುಗೆಮನೆಯಿಂದ ಓಡಿ ಬಂದಾಗ ಅಪ್ಪಾಜಿ ತಮ್ಮ ಕೈಯನ್ನೇ ನೋಡುತ್ತ ಕೂತಿದ್ದರು. ಲಿಂಗ ಬಿದ್ದರೆ ಪ್ರಾಣವನ್ನೇ ಬಿಡಬೇಕು ಎಂದು ನಂಬಿದವರ ಕಥೆ ಕೇಳಿದ್ದೆನಲ್ಲ, ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಮಠದ ಅಯ್ಯನವರು ಬಂದು, ಶುದ್ಧಿ ಮಾಡಿ, ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿದರು. ಕೈಲಾಗದಿದ್ದರೆ ಹೆಂಡತಿಯ ಕೈ ಆಸರೆಯಾಗಲಿ, ದೋಷವಿಲ್ಲ ಎಂದರು. ಅಪ್ಪಾಜಿ ಪೂಜೆಯಾಗದೆ ತುತ್ತು ಮುಟ್ಟುವವರಲ್ಲ ಎಂಬುದು ನಿನಗೂ ಗೊತ್ತು.

ನಿನ್ನೆ ಅವರ ಕೈ ಕೆಳಗೆ ನನ್ನ ಕೈ ಕೊಟ್ಟೆ. ಪೂಜೆ ಆಯಿತು, ಒಂದು ಲೋಟ ಗಂಜಿ ಕುಡಿದರು. ಇವತ್ತೂ ಕುಡಿದಿದ್ದಾರೆ. ಆದ್ದರಿಂದ ಗಾಬರಿಯಾಗಿ ಓಡಿ ಬರಬೇಡ. ಅಂಕಿತಾಳ ಪರೀಕ್ಷೆ ಮುಗಿಸಿಕೊಂಡು ನಿಧಾನವಾಗಿ ಬಾ.

ನಿನ್ನ ಅವ್ವ,
ಬಸವಣ್ಣೆಮ್ಮ

ತಾ.ಕ.: ಮೇಲಿನದನ್ನೆಲ್ಲ ಅವರಿಗೆ ಓದಿ ಹೇಳಿ ಆಯಿತು. ಇದನ್ನು ಹಿತ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ಫೋನು ಅವರ ದಿಂಬಿನ ಕೆಳಗಿದೆ, ನನ್ನ ಕೈಗೆ ಕೊಡುತ್ತಿಲ್ಲ. ಪೂಜೆ ಆಯಿತು, ಗಂಜಿ ಕುಡಿದರು ಎಂಬ ಮಾತು ಅವರು ಹೇಳಿ ಬರೆಸಿದ್ದು. ಆಸರೆ ಕೊಟ್ಟ ನನ್ನ ಕೈಯನ್ನು ತಳ್ಳಿಬಿಟ್ಟರು. ಸೋಮವಾರದಿಂದ ನೀರು ಬಿಟ್ಟು ಬೇರೇನೂ ಅವರ ಗಂಟಲಲ್ಲಿ ಇಳಿದಿಲ್ಲ. ಬೇಗ ಬಾ ಮಗಳೇ, ಅಶ್ಫಾಕ್ ಅವರ ಕೈಕಾಲು ಹಿಡಿದಾದರೂ ಕರೆದುಕೊಂಡು ಬಾ. ಎಡಗೈಲಿ ದಿನಾ ಏನು ಕೆಲಸ ಎಂಬ ಆ ಪ್ರಶ್ನೆಯನ್ನು ಅವರು ಇನ್ನೊಂದು ಸಲ ಕೇಳಲಿ, ಈ ಸಲ ಉತ್ತರ ನಾನು ಕೊಡುತ್ತೇನೆ; ನರದ ಡಾಕ್ಟರ ಹತ್ತಿರ ಹೋಗಲು ಅವರೇ ಒಪ್ಪಿಸಲಿ. ಅಕ್ಷರ ಅಂಕುಡೊಂಕಾಗಿದ್ದು ಕನ್ನಡಕದಿಂದಲ್ಲ, ಅದು ಸರಿಯಾಗಿಯೇ ಇದೆ. ನಿಮ್ಮಪ್ಪಾಜಿ ಉಣ್ಣದೆ ನಾನು ಯಾವತ್ತು ಉಂಡಿದ್ದೇನೆ?